ಕಾಫಿ ಆರಿದ ಮೇಲೂ

ಭದ್ರಾವತಿ
೧೨-೨-೧೯೯೮

ಶಿವಮೊಗ್ಗದ ಸಂಗೀತ ಮೇಷ್ಟ್ರು ವಿಶ್ವಾರಾಧ್ಯರಿಗೆ ಶರಣು.

ಭಾನುವಾರ ನಮ್ಮ ಅಮೂಲ್ಯಳನ್ನು ನೋಡಲು ಗೋಪಾಳದಿಂದ ಗಂಡಿನವರು ಬರುತ್ತಾರೆ. ಹಾಡಲು ಹೇಳಿದರೆ ಚಿಕ್ಕದೊಂದು ವಚನ ಹಾಡಿ ಏಳುವಂತೆ ನೀವೇ ಅವಳಿಗೆ ತಿಳಿಸಬೇಕು. ಹೋದ ಸಲ ಬಂದವರೆದುರು ಕಣ್ಣು ಮುಚ್ಚಿ ಆಲಾಪನೆಗೆ ಕೂತವಳು ಏಳಲೇ ಇಲ್ಲ. ಕಾಫಿ ಆರಿತು, ಗಂಡಿನ ತಂದೆ ಗಡಿಯಾರ ನೋಡಿದರು, ಸಂಬಂಧ ತಪ್ಪಿತು. "ಹಾಡಿದ್ರೆ ಹೊಟ್ಟೆ ತುಂಬುತ್ತೇನೇ?" ಎಂದು ನಮ್ಮ ಯಜಮಾನರು ಕೂಗಾಡಿದರು. ಈ ಸಲವೂ ಹಾಗಾದರೆ ಕ್ಲಾಸು ಬಿಡಿಸುತ್ತಾರಂತೆ, ರೇಡಿಯೋ ಆಡಿಷನ್ನಿಗೂ ಕಳಿಸುವುದಿಲ್ಲವಂತೆ.

ಅಂದು ಕಾಫಿ ಬಿಸಿ ಮಾಡಲು ಒಳಗೆ ಹೋಗಬೇಕಿದ್ದ ನಾನೂ ಹಾಡು ಕೇಳುತ್ತಾ ಬಾಗಿಲಲ್ಲೇ ನಿಂತುಬಿಟ್ಟಿದ್ದೆ.

ಚಿಕ್ಕದನ್ನು ಹಾಡು ಎಂದು ಹೇಳಲು ನಿಮಗೆ ಬಾಯಿ ಬರದಿದ್ದರೆ ಹೇಳಬೇಡಿ. ಭಾನುವಾರ ನೀವೇ ತಂಬೂರಿ ತೆಗೆದುಕೊಂಡು ಬನ್ನಿ. ಈ ಸಲ ಹಾಡು ಮುಗಿಯುವ ತನಕ ನಾನು ಕಾಫಿ ತರುವುದಿಲ್ಲ.

ಇಂತಿ,
ಅಮೂಲ್ಯಳ ತಾಯಿ ಕಲ್ಲಮ್ಮ