ಕಾಶವ್ವ ಯಾರ ಮನೆಯಲ್ಲಿ

ಬೆಳಗಾವಿ
9-3-1986

ಪ್ರೀತಿಯ ಕಾಂತಕ್ಕಾ,

ನಿನಗೂ ತಮ್ಮಣ್ಣ ಮಾಮಾಗೂ ಶರಣು. ಗುಂಜಿಯಲ್ಲಿ ಥಂಡಿ ಕಡಿಮೆ ಆಯಿತೇ? ನಿನ್ನ ಸೊಂಟನೋವು ಹೇಗಿದೆ? ಕಾಶವ್ವನ ಕೆಮ್ಮು ನಿಂತಿತೇ? ನಾನು ಆರಾಮ ಇದ್ದೇನೆ. ಫೌಂಡ್ರಿ ಕೆಲಸ ಇನ್ನೂ ಬಿಟ್ಟಿಲ್ಲ, ನಗಬೇಡ.

ಶಿವಬಸವ್ವನ ಜೊತೆ ನನ್ನ ಮದುವೆಯ ಮಾತು ನಿನ್ನೆ ಮಹಾಂತೇಶ ನಗರದಲ್ಲಿ, ಸಾಲಿ ಕಲಿಸುವ ರಾಜಮತಿ ಬಾಯಿಯವರ ಮನೆಯಲ್ಲಿ ನಡೆಯಿತು. ನೀನು ಕಟ್ಟಿದ ಮಹಿಳಾ ಮಂಡಳವೆಲ್ಲ ಸೇರಿತ್ತು. ವಿಧವೆ ಮತ್ತೆ ಮದುವೆ ಆಗಬೇಕು, ವರದಕ್ಷಿಣೆ ಇರಬಾರದು, ಅಷ್ಟಕ್ಕೆ ಎಲ್ಲರದೂ ಒಂದೇ ಮಾತು. ಹೇಗೆ ಆಗಬೇಕು ಎಂದದ್ದೇ ತಡ, ಜಗಳ ಹತ್ತಿತು. ಶಿವಬಸವ್ವನ ತವರೂರು ಪಾರಿಶ್ವಾಡದಿಂದ ಬಂದ ಸಿದ್ದಕ್ಕ, ಹಿಂದಿನವರ ಹಾಗೆ ಉಡಿಕಿ ಮಾಡಿ ಮುಗಿಸಿರಿ ಎಂದಳು: ರಾತ್ರಿ, ವಾಲಗ ಇಲ್ಲದೆ, ಮುತ್ತೈದೆಯರು ಯಾರೂ ನೋಡದ ಹಾಗೆ. "ಅವರಪ್ಪ ಇಷ್ಟಕ್ಕರ ಒಪ್ಪ್ಯಾನ. ಮೊದಲ ಹುಡುಗಿಗೆ ಒಂದ ಮನಿ ಆಗಲಿ, ಸಮಾಜ ಆಮ್ಯಾಲ ತಿದ್ದೂಣು." ರಾಜಮತಿ ಬಾಯಿಯವರು ಚಹಾದ ಬಸಿ ಕೆಳಗಿಟ್ಟರು. "ಕಳ್ಳರಗತೆ ಕತ್ತಲಾಗ ಯಾಕ ಮದವಿ ಆಗಬೇಕು? ಅದನ್ನ ಒಪ್ಪಿದರ ನಮ್ಮ ಮಂಡಳ ಯಾಕ ಬೇಕು, ಹಪ್ಪಳ ಲಟ್ಟಸಾಕೇನು?" ಸಿದ್ದಕ್ಕ ಬಿಡುತ್ತಾಳೆಯೇ? "ನಿಮ್ಮ ಭಾಷಣ ಮುಗಿಯೂದರಾಗ ಆಕಿ ಕೂದಲ ಬೆಳ್ಳಗ ಆಗತಾವರಿ ಬಾಯಾರ. ನಮ್ಮ ಹಪ್ಪಳ ತಿಂದ ಭಾಷಣ ಮಾಡೀರಿ!" ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಹಗಲೇ ಆಗಲಿ ಎಂದು ಎದ್ದು ನಿಂತೆ. "ನೀ ಕುಂದರಪಾ, ನಿನ್ನ ಯಾರ ಕೇಳ್ಯಾರ?" ಎಂದು ಇಬ್ಬರೂ ಒಟ್ಟಿಗೇ ಗದರಿದರು. ಅದೊಂದರಲ್ಲಿ ಒಮ್ಮತ.

ಆಗ ಬಾಗಿಲ ಹತ್ತಿರ ಕೂತಿದ್ದ ಶಿವಬಸವ್ವ ಮೆಲ್ಲಗೆ ಕೇಳಿದಳು. "ಹಗಲರ ಮಾಡ್ರಿ, ರಾತ್ರಿಯರ ಮಾಡ್ರಿ. ನನ್ನ ಮಗಳ ಎಲ್ಲಿರತಾಳ? ಅದನ್ನ ಹೇಳ್ರಿ."

ಅಕ್ಕಾ, ಮರುಮದುವೆ ಆದವಳ ಮಗು ಸತ್ತ ಗಂಡನ ಮನೆಗೇ ಸೇರಿದ್ದು ಎಂಬ ಪದ್ಧತಿಯನ್ನು ರಾತ್ರಿಯವರೂ ಎತ್ತಿರಲಿಲ್ಲ, ಹಗಲಿನವರೂ ಎತ್ತಿರಲಿಲ್ಲ. ಆ ಮನೆ ನಿನ್ನದು. ಸತ್ತವನು ನಿನ್ನ ಮೈದುನ. ಶಿವಬಸವ್ವನನ್ನು ತವರಿಗೆ ಕಳಿಸಿದಂದಿನಿಂದ ಕಾಶವ್ವನಿಗೆ ಹೆಳಲು ಹಾಕುವ ಕೈ ನಿನ್ನದು, ಅವಳು ಅವ್ವಾ ಎನ್ನುವುದೂ ನಿನಗೇ. ನಿನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ ಎಂಬುದನ್ನು ಮರೆತು ಬರೆಯುತ್ತಿಲ್ಲ. ಸಂಕ್ರಾಂತಿಗೆ ನಾನು ಗುಂಜಿಗೆ ಬಂದಾಗ ನೀನೇ "ಹಗಲ ಹೊತ್ತಿನ್ಯಾಗ ಆಗೋ, ನಾನ ಮುಂದ ನಿಂತ ಅಕ್ಕಿಕಾಳ ಹಾಕತೀನಿ" ಎಂದಿದ್ದೆ. ಎಷ್ಟು ಧೈರ್ಯ ಬಂದಿತ್ತು ನನಗೆ! ಆದರೆ ಕಾಶವ್ವ ನಿನ್ನ ತೊಡೆಯ ಮೇಲೇ ಕೂತಿದ್ದಳು, ಅವಳ ಮಾತು ನೀನು ಎತ್ತಲಿಲ್ಲ.

ಕೊನೆಗೆ ಮಗು ತಾಯಿಯ ಜೊತೆ ಬರಬೇಕು ಎಂದು ಸಿದ್ದಕ್ಕನೂ ಒಪ್ಪಿದಳು, ರಾಜಮತಿ ಬಾಯಿಯವರೂ ಒಪ್ಪಿದರು. "ಕಾಂತಾಗ ಯಾರ ಹೇಳವರು?" ಎಂದು ಯಾರೋ ಅಂದರು. ಆಗ ಮಾತ್ರ ಎಲ್ಲರಿಗೂ ನನ್ನ ನೆನಪಾಯಿತು.

ಸಿಟ್ಟು ಬಂದರೆ ಬೈದು ಬರೆ, ಸುಮ್ಮನೆ ಇರಬೇಡ. ಮಾಮಾಗೆ ನಮಸ್ಕಾರ, ಕಾಶವ್ವನಿಗೆ ಒಂದು ಮುತ್ತು.

ನಿನ್ನ ತಮ್ಮ,
ಗುರುಸಿದ್ದ

ತಾ.ಕ.: ಶಿವಬಸವ್ವ ಪಾರಿಶ್ವಾಡದ ಬಸ್ ಹತ್ತುವಾಗ ಹೇಳಿದಳು: ಮಗಳು ಬರದಿದ್ದರೆ ಹಗಲೂ ಬೇಡ, ರಾತ್ರಿಯೂ ಬೇಡ, ನೀನೂ ಬೇಡ. ಶುಕ್ರವಾರದ ರೈಲಿಗೆ ಇಬ್ಬರೂ ಗುಂಜಿಗೆ ಬರುತ್ತೇವೆ. ಮಾಮಾನನ್ನು ಕಳಿಸಬೇಡ, ಸ್ಟೇಷನ್ನಿಗೆ ನೀನೇ ಕಾಶವ್ವನ ಕೈ ಹಿಡಿದುಕೊಂಡು ಬಾ. "ಇಳಿದ ಬರಾಕತ್ತಾಕಿ ನಿನ್ನ ಅವ್ವ" ಎಂದು ಕಾಶವ್ವನಿಗೆ ನೀನೇ ಹೇಳಬೇಕು. ನಾವು ಹೇಳಿದರೆ ಅವಳು ನಿನ್ನ ಸೆರಗಿನ ಹಿಂದೆ ಅಡಗುತ್ತಾಳೆ.