ಎಡಕ್ಕೇ ಎಳೆಯುವ ಸೈಕಲ್

ಮಾವ,

ಬ್ಯಾಟರಿ ಸೈಕಲ್ ಕಂಪನಿಯವನು ಹನ್ನೊಂದಕ್ಕೆ ಬರುತ್ತಾನೆ. ಸಾಗಣೆಯಲ್ಲಿ ಬಿದ್ದ ಪೆಟ್ಟನ್ನು ಕಣ್ಣಾರೆ ನೋಡಬೇಕಂತೆ. ಅಲ್ಲಿಯವರೆಗೆ ಸುತ್ತಿಗೆ ಮುಟ್ಟಬೇಡಿ. ನಲವತ್ತು ವರ್ಷ ಲೇತ್ ನಡೆಸಿದ ಕೈ ಸುಮ್ಮನಿರುವುದಿಲ್ಲ, ಗೊತ್ತು. ಮಡ್‌ಗಾರ್ಡನ್ನು ನಿನ್ನೆಯೇ ನೆಟ್ಟಗೆ ಮಾಡಿಬಿಟ್ಟಿರಿ. ತೋರಿಸಲು ಉಳಿದಿರುವುದು ಸೊಟ್ಟ ಹ್ಯಾಂಡಲ್ ಒಂದೇ.

ಹರಿದ ರಟ್ಟಿನ ಪೆಟ್ಟಿಗೆ ಬಾಗಿಲ ಹಿಂದಿದೆ, ಅದನ್ನೂ ತೋರಿಸಿ.

ಹ್ಯಾಂಡಲ್ ಬದಲಿಸಿದರೆ ಸಾಕು. ಇದನ್ನು ಒಯ್ದು ಹೊಸ ಸೈಕಲ್ ಕಳಿಸುತ್ತೇವೆ ಎಂದರೆ ಮಾತ್ರ ಒಪ್ಪಬೇಡಿ. ನಿನ್ನೆ ಇದು ಎಡಕ್ಕೇ ಎಳೆದು, ಬೀದಿ ಸುತ್ತಿಸಿ ನಾಲ್ಕನೇ ಸಲವೂ ನಮ್ಮ ಬಾಗಿಲಿಗೇ ತಂದಾಗ, ಹಿಂದೆ ಕೂತ ನೀವು “ಅಯ್ಯೋ ಹುಡುಗಿ, ಮತ್ತೆ ನಮ್ಮನೇನೇ ಬಂತಲ್ಲೇ!” ಎಂದು ಕೂಗಿದಿರಿ. ನಾನು ಜೋರಾಗಿ ನಕ್ಕೆ. ನಿಮ್ಮ ಮಗ ಹೋದಮೇಲೆ ನನ್ನ ನಗು ನನಗೇ ಕೇಳಿಸಿದ್ದು ಇದೇ ಮೊದಲು.

ಸಂಜೆ ಬಲಕ್ಕೆ ತಿರುಗಿ ಕೆರೆಯವರೆಗೆ ಹೋಗೋಣ.