ಉಡಿ ತುಂಬಿದ ಮಧ್ಯಾಹ್ನ

ಪಾಲಬಾವಿ
ಮೇ ೧೪, ೧೯೮೯

ಪ್ರೀತಿಯ ಇಂದುಮತಿ,

ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರು ಮಾಡಬೇಕು. ಈ ಸಲ ಮನಸ್ಸಿಲ್ಲ. ‘ಪ್ರೀತಿಯ’ ಎಂದು ಬರೆದದ್ದು ಕೂಡ ಕೈಗೆ ರೂಢಿಯಾಗಿದೆ ಎಂದಷ್ಟೇ.

ವಾರಪತ್ರಿಕೆಯಲ್ಲಿ ನಿನ್ನ ಕಥೆ ಓದಿದೆ. ನಿಪ್ಪಾಣಿಯಲ್ಲಿ ಇಂಗ್ಲಿಷ್ ಕಲಿಸುವ ನನ್ನ ಗೆಳತಿಯ ಹೆಸರು ಅಚ್ಚಾಗಿದೆ ಎಂದು ಮೊದಲು ಹೆಮ್ಮೆಯೇ ಆಯಿತು. ಎರಡನೇ ಪುಟದಲ್ಲಿ ಉಗಾರದ ಕಬ್ಬಿನ ತೋಟ ಬಂತು, ಬಾವಿ ಬಂತು, ಸೋದರಮಾವನಿಗೆ ಕೊಟ್ಟ ಹುಡುಗಿ ಬಂದಳು. ನಗುವಾಗ ಬಾಯಿಗೆ ಸೆರಗು ಹಿಡಿಯುವ ಹುಡುಗಿ. ನಮ್ಮ ಸುಂದ್ರಕ್ಕನಿಗೆ ನೀನು ಬೇರೆ ಹೆಸರಿಟ್ಟಿದ್ದೆ. ಅದಕ್ಕೂ ನನಗೆ ಸಿಟ್ಟು ಬರಲಿಲ್ಲ. ಅವಳು ಸತ್ತು ಆರು ವರ್ಷವಾಯಿತು, ಮನೆಯಲ್ಲಿ ಯಾರೂ ಅವಳ ಮಾತೆತ್ತುವುದಿಲ್ಲ, ನೀನಾದರೂ ಎತ್ತಿದೆಯಲ್ಲ ಎಂದುಕೊಂಡೆ.

ಮುಂದೆ ಓದಿದೆ. ನಿನ್ನ ಕಥೆಯ ಹುಡುಗಿ ಗಂಡನ ಏಟು ತಿಂದೂ ತಿಂದೂ, ತವರಿಗೆ ಒಂದು ಮಾತೂ ತಿಳಿಸದೆ ಬಾವಿಗೆ ಬೀಳುತ್ತಾಳೆ. ತಾಯಿಗೆ ಏನೂ ಗೊತ್ತಿರಲಿಲ್ಲ. ಸುದ್ದಿ ಕೇಳಿ ಎದೆ ಬಡಿದುಕೊಂಡು ಅಳುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು.

ಇಂದೂ, ನೀನು ಅಲ್ಲಿದ್ದೆ. ಪರೀಕ್ಷೆಗೆ ಓದಲೆಂದು ಕಬ್ಬೂರಿನ ನಮ್ಮ ಮನೆಗೆ ಬಂದಿದ್ದೆ. ಅಪ್ಪ ಸಂತೆಗೆ ಹೋಗಿದ್ದ, ತಂಗಿ ಸಾವಕ್ಕ ಶಾಲೆಗೆ. ಸುಂದ್ರಕ್ಕ ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಬಂದಳು. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಅವ್ವಾ, ನಿನ್ನ ತಮ್ಮ ನನ್ನ ಕೊಲ್ತಾನ, ನಾ ಇಲ್ಲೇ ಇರ್ತೀನಿ ಎಂದಳು. ಅವ್ವ ಬೈಯಲಿಲ್ಲ. ಉಣ್ಣಲು ಹಾಕಿದಳು, ತಲೆ ಬಾಚಿದಳು, ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಉಡಿ ತುಂಬಿದ ಮೇಲೆ ಮಗಳು ಗಂಡನ ಮನೆಗೆ ಹೊರಟಂತೆಯೇ, ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಕುಪ್ಪಸದ ಕಣ. ತಾಟು ಹಿಡಿದು ನಿಂತವಳು ನೀನು. ಅಕ್ಕ ಸೆರಗು ಒಡ್ಡಲಿಲ್ಲ, ಅವ್ವನೇ ಎಳೆದು ಹಿಡಿದಳು. ಸಂಜೆ ಬಸ್ಸು ಹತ್ತಿಸಿ ಬಂದಳು. ಮರುದಿನ ಬಾವಿಯ ಸುದ್ದಿ ಬಂದಾಗ ನಮ್ಮಿಬ್ಬರನ್ನೂ ಒಳಗೆ ಕರೆದು, ಆಕಿ ಇಲ್ಲಿಗೆ ಬಂದೇ ಇಲ್ಲ, ತಿಳೀತಿಲ್ಲೋ ಎಂದಳು.

ನೀನು ಎಂ.ಫಿಲ್. ಮಾಡುವಾಗ ಆ ಅಮೆರಿಕದ ಲೇಖಕಿಯ ಕಾದಂಬರಿಗಳನ್ನು ನನಗೆ ಕಥೆ ಮಾಡಿ ಹೇಳುತ್ತಿದ್ದೆ. ಎಷ್ಟೊಂದು ಪುಸ್ತಕ, ಎಲ್ಲದರಲ್ಲೂ ಹೊಡೆತ, ಕೊಲೆ, ಮನೆಯವರ ಕೈಯಲ್ಲೇ ಹಾಳಾದ ಹುಡುಗಿಯರು, ಕಂಡೂ ಕಾಣದಂತಿರುವ ತಾಯಂದಿರು. ಇಂಥಾವನ್ನ ಯಾಕ ಬರೀತಾಳ ಈಕಿ, ಓದಿದೋರಿಗೆ ನಿದ್ದಿ ಬರಬಾರದೇನು ಎಂದು ನಾನು ಕೇಳಿದ್ದೆ. ನೀನು ಹೇಳಿದ್ದು ನೆನಪಿದೆಯೇ? ನಡದದ್ದನ್ನ ಬರೀತಾಳ, ನಮಗ ತ್ರಾಸ ಆಗ್ತೈತಿ ಅಂತ ಆಕಿ ಕಣ್ಣ ಮುಚ್ಚಂಗಿಲ್ಲ ಎಂದಿದ್ದೆ. ಒಂದಿಲ್ಲೊಂದು ದಿನ ನೀನೂ ಸುಂದ್ರಕ್ಕನನ್ನು ಬರೆಯುತ್ತೀ, ಆ ತಾಟನ್ನೂ ಬರೆಯುತ್ತೀ ಎಂದು ಅವತ್ತೇ ನಂಬಿಕೊಂಡೆ. ಅಮೆರಿಕದ ಮನೆಗಳ ಕತ್ತಲೆ ಹಿಡಿದುಕೊಂಡು ನೀನು ಪದವಿ ತಗೊಂಡೆ. ನಮ್ಮ ಮನೆಯದನ್ನು ಬರೆಯುವಾಗ ಕಣ್ಣು ಮುಚ್ಚಿದೆ. ಅವ್ವನ ಕೈಯ ಊಟ ಅಡ್ಡ ಬಂತೋ, ಅಂಜಿಕೆಯೋ, ನಿನಗೇ ಗೊತ್ತು. ನನಗಂತೂ ಮೋಸವಾಯಿತು.

ಆದದ್ದು ಕೇಳು. ಸುಂದ್ರಕ್ಕನನ್ನು ಕೊಟ್ಟಿದ್ದ ಅದೇ ಬಾಬಾಸಾಹೇಬ ಮಾಮಾನಿಗೆ ಈಗ ಸಾವಕ್ಕನನ್ನು ಕೊಡಬೇಕೆಂದು ಅವ್ವ ಹಟ ಹಿಡಿದಿದ್ದಾಳೆ. ಅವನ ಕಬ್ಬಿನ ಹೊಲ ಹೊರಗಿನವರ ಪಾಲಾಗಬಾರದಂತೆ. ನಾನು ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅವ್ವ ಸುಳ್ಳು ಎಂದಳು. ಅಪ್ಪ ಇಬ್ಬರ ಮುಖವನ್ನೂ ನೋಡಿ, ಇಂದುಮತಿ ಅವತ್ತ ಇಲ್ಲೇ ಇದ್ಲಲ್ಲ, ಆಕಿ ಹೇಳಿದ್ದ ಖರೆ ಎಂದ. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ನಿನ್ನ ಕಥೆ ಬಂತು. ಅವ್ವ ಅದನ್ನು ಸಾವಕ್ಕನಿಂದಲೇ ಗಟ್ಟಿಯಾಗಿ ಓದಿಸಿದಳು. ಅಪ್ಪ ಕಡೆಯವರೆಗೂ ಕೇಳಿದ. ಹೆಸರ ಹಾಕಿ ಅಚ್ಚ ಮಾಡಿಸ್ಯಾಳ, ಸುಳ್ಳ ಹೆಂಗ ಬರೀತಾಳ ಎನ್ನುತ್ತಾ ಎದ್ದು ಹೋದ. ಕಥೆ ಎಂದರೆ ಕಟ್ಟಿದ್ದು ಎಂದು ನಾನು ಎಷ್ಟು ಹೇಳಿದರೂ ಅವನ ತಲೆಗೆ ಹತ್ತಲಿಲ್ಲ. ಬರುವ ಗುರುವಾರ ನಿಶ್ಚಯ.

ನಿನ್ನ ಸಮಾಧಾನದ ಮಾತು ನನಗೆ ಬೇಡ. ಬುಧವಾರದೊಳಗೆ ಕಬ್ಬೂರಿಗೆ ಬಾ. ಅಪ್ಪನ ಮುಂದೆ ನಿಂತು, ತಾಟು ಹಿಡಿದವಳು ನಾನೇ ಎಂದು ಹೇಳು. ಹೇಳಲಾಗದಿದ್ದರೆ ಇನ್ನು ನನಗೆ ಕಾಗದ ಬರೆಯಬೇಡ.

ಒಂದು ಕಾಲಕ್ಕೆ ನಿನ್ನವಳಾಗಿದ್ದ,
ರುಕ್ಮವ್ವ

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀ. ಇದನ್ನು ತಂದುಕೊಟ್ಟು ನಿನ್ನ ಬಾಗಿಲಲ್ಲಿ ನಿಂತಿರುವವಳು ಸಾವಕ್ಕ. ಕಬ್ಬೂರಿನ ಮನೆಯಲ್ಲಿ ಹೇಳದೆ ಇಲ್ಲಿ ನನ್ನ ಗಂಡನ ಮನೆಗೆ ಓಡಿ ಬಂದಳು. ನೀ ಒಂದ ಹೇಳ್ತಿ, ಅವ್ವ ಒಂದ ಹೇಳ್ತಾಳ, ಯಾರನ್ನ ನಂಬಲಿ ಎಂದು ಕೇಳಿದಳು. ಇಂದಕ್ಕನನ್ನೇ ಕೇಳು ಎಂದು ಬಸ್ಸು ಹತ್ತಿಸಿದ್ದೇನೆ. ಒಳಗೆ ಕರಿ, ಉಣ್ಣಲು ಹಾಕು. ಉಡಿ ಮಾತ್ರ ತುಂಬಬೇಡ.